ನಮ್ಮ ಮಾರುತಿ 800ರ ಡಿಕ್ಕಿ ಡೋರ್ ಮನೆಯಂಗಳದಲ್ಲೇ ಬದಲಾಯಿಸಿದ್ದು

ನಮ್ಮ ಮನೆಯ ಮಾರುತಿ 800 2003ರ ಮಾಡೆಲ್, ಬಿಳಿ ಬಣ್ಣ, ಕೆಎ-20 ರಿಜಿಸ್ಟ್ರೇಶನ್, ಅಪ್ಪ ಹೊಸದೇ ತೆಗೊಂಡ ಗಾಡಿ. 796 ಸಿಸಿಯ ಆ ಮೂರು ಸಿಲಿಂಡರ್ ಇಂಜಿನ್ ಇವತ್ತಿಗೂ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ತದೆ, ಅದರ ಬಗ್ಗೆ ನನಗೆ ಒಂದು ತಕರಾರೂ ಇಲ್ಲ. ಆದ್ರೆ ನಮ್ಮದು ಉಡುಪಿ ಕಡೆ, ಸಮುದ್ರದ ಹತ್ತಿರದ ಮನೆ, ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು, ಮಳೆ ಇಲ್ಲದ ತಿಂಗಳಲ್ಲೂ ಗಾಳಿಯಲ್ಲಿ ಉಪ್ಪಿನ ಅಂಶ ಇದ್ದೇ ಇರ್ತದೆ, ಇಲ್ಲಿ ತಗಡಿನ ಆಯುಷ್ಯ ಇಂಜಿನಿನಷ್ಟು ಇರೂದಿಲ್ಲ. ನಮ್ಮ ಗಾಡಿಯಲ್ಲಿ ಮೊದಲು ಹೋದದ್ದು ಡಿಕ್ಕಿ ಡೋರಿನ ಕೆಳಗಿನ ಅಂಚು.

ಹೊರಗಿಂದ ನೋಡಿದ್ರೆ ಮೊದಮೊದಲು ಬರೀ ಪೈಂಟ್ ಗುಳ್ಳೆ ಎದ್ದ ಹಾಗೆ ಕಾಣ್ತಿತ್ತು, ನಂಬರ್ ಪ್ಲೇಟಿನ ಕೆಳಗೆ ಒಂದು ಬೆರಳಷ್ಟು ಉದ್ದ. ಗುಳ್ಳೆಯನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿದ್ರೆ ಸೀದಾ ಒಳಗೆ ಹೋಯ್ತು, ಅಂದ್ರೆ ತಗಡೇ ಇಲ್ಲ, ಪೈಂಟಿನ ಸಿಪ್ಪೆ ಮಾತ್ರ ನಿಂತಿದೆ. ಡಿಕ್ಕಿ ತೆಗೆದು ಅಂಚನ್ನು ಕೆಳಗಿಂದ ನೋಡಿದಾಗ ಪೂರ್ತಿ ವಿಷಯ ಗೊತ್ತಾಯ್ತು. ಡಿಕ್ಕಿ ಡೋರ್ ಅಂದ್ರೆ ಎರಡು ತಗಡು, ಒಂದು ಹೊರಗಿನದ್ದು ಒಂದು ಒಳಗಿನದ್ದು, ಕೆಳಗೆ ಹೊರಗಿನ ತಗಡನ್ನು ಒಳಗಿನದ್ದರ ಮೇಲೆ ಮಡಚಿ ಒತ್ತಿರ್ತಾರೆ. ಗ್ಲಾಸಿನ ರಬ್ಬರ್ ಬೀಡಿಂಗ್ ಹಳತಾಗಿ ಗಟ್ಟಿಯಾದ ಮೇಲೆ ಅದರ ಸಂದಿಯಿಂದ ನೀರು ಡೋರಿನ ಹೊಟ್ಟೆಗೆ ಇಳಿತದೆ. ಇಳಿದ ನೀರು ಹೊರಗೆ ಹೋಗ್ಲಿಕ್ಕೆ ಕಂಪನಿಯವರು ಕೆಳಗೆ ಸಣ್ಣ ಸಣ್ಣ ತೂತು ಇಟ್ಟಿರ್ತಾರೆ, ಆ ತೂತಿಗೆ ಮಣ್ಣು, ಎಲೆಯ ಪುಡಿ, ಹಳೇ ಪೈಂಟ್ ಎಲ್ಲಾ ಸೇರಿ ಕಟ್ಟಿಕೊಂಡ್ರೆ ನೀರು ಆ ಮಡಿಕೆಯಲ್ಲೇ ನಿಲ್ತದೆ, ಜೂನಿನಿಂದ ಸೆಪ್ಟೆಂಬರ್ ವರೆಗೆ ಒಣಗುವ ಮಾತೇ ಇಲ್ಲ. ಉಪ್ಪು ಸೇರಿದ ನೀರಾದ್ರೆ ತುಕ್ಕು ಇನ್ನೂ ಬೇಗ. ಹಾಗಾಗಿ ಈ ತುಕ್ಕು ಯಾವಾಗ್ಲೂ ಒಳಗಿಂದ ಹೊರಗೆ ಬರೂದು, ಹೊರಗೆ ಗುಳ್ಳೆ ಕಾಣುವಾಗ ಒಳಗೆ ಮುಗಿದಿರ್ತದೆ. ಈ ಒಂದು ವಿಷಯ ಕರಾವಳಿಯ ಪ್ರತಿಯೊಬ್ಬ ಹಳೇ ಗಾಡಿಯವನಿಗೂ ಗೊತ್ತಿರಬೇಕು ಅಂತ ನನಗೆ ಅನ್ನಿಸ್ತದೆ, ಯಾಕಂದ್ರೆ ಹೊರಗೆ ಎಷ್ಟು ಪಾಲಿಶ್ ಹೊಡೆಸಿದ್ರೂ ಆ ತೂತು ಕ್ಲೀನ್ ಮಾಡದಿದ್ರೆ ಪ್ರಯೋಜನ ಇಲ್ಲ.

ಟಿಂಕರಿಂಗ್ ಮಾಡುವವರಲ್ಲಿ ತೋರಿಸಿದೆ. ಕೆಳಗಿನ ಭಾಗ ಕತ್ತರಿಸಿ ಬೇರೆ ತಗಡಿನ ಪ್ಯಾಚ್ ವೆಲ್ಡ್ ಮಾಡಿ ಪುಟ್ಟಿ ಎಳೆದು ಪೈಂಟ್ ಹೊಡೆದು ಕೊಡ್ತೇವೆ ಅಂದ್ರು. ಅದು ತಪ್ಪು ಕೆಲಸ ಅಂತಲ್ಲ, ಬೇರೆ ದಾರಿ ಇಲ್ಲದ ಕಡೆ ಮಾಡಲೇಬೇಕಾಗ್ತದೆ, ಆದ್ರೆ ವೆಲ್ಡಿಂಗಿನ ಬಿಸಿಗೆ ಒಳಗಿನ ಪೈಂಟ್ ಸುಟ್ಟು ಹೋಗ್ತದೆ, ಆ ಮಡಿಕೆಯೊಳಗೆ ಮತ್ತೆ ಪ್ರೈಮರ್ ಹೊಡಿಲಿಕ್ಕೆ ಕೈ ಹೋಗೂದಿಲ್ಲ, ಒಂದೆರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಬಾಗಿಲು ಬೋಲ್ಟಲ್ಲಿ ನಿಂತ ವಸ್ತು, ಬಿಚ್ಚಿ ಬೇರೆಯೇ ಹಾಕ್ಲಿಕ್ಕೆ ಬರುವಾಗ ಪ್ಯಾಚ್ ಯಾಕೆ ಅಂತ ನಾನು ತೀರ್ಮಾನ ಮಾಡಿದೆ.

ಇನ್ನೊಂದು ಅವಸರವೂ ಇತ್ತು. 2019ರ ಏಪ್ರಿಲ್ 1ಕ್ಕಿಂತ ಮೊದಲು ರಿಜಿಸ್ಟರ್ ಆದ ಎಲ್ಲಾ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕಡ್ಡಾಯ ಅಂತ 2023ರ ಆಗಸ್ಟಲ್ಲಿ ಕರ್ನಾಟಕದಲ್ಲಿ ಆದೇಶ ಆಯ್ತಲ್ಲ, ಮೊದಲು ನವೆಂಬರ್ 17ರ ಗಡುವು ಕೊಟ್ಟಿದ್ದು ಆಮೇಲೆ 2024ರ ಫೆಬ್ರವರಿ 17ಕ್ಕೆ ಹೋಗಿತ್ತು. ಆ ಪ್ಲೇಟನ್ನು ಸ್ನ್ಯಾಪ್ ಲಾಕ್ ಹಾಕಿ ಕೂರಿಸ್ತಾರೆ, ಒಮ್ಮೆ ಕೂತ್ರೆ ಸ್ಕ್ರೂ ಹಾಗೆ ಬಿಚ್ಚಲಿಕ್ಕೆ ಬರೂದಿಲ್ಲ, ಮುರಿದೇ ತೆಗೀಬೇಕು. ಹಿಂದಿನ ಪ್ಲೇಟ್ ಕೂರೂದು ಈ ಡಿಕ್ಕಿ ಡೋರಿನ ಮೇಲೆಯೇ. ತುಕ್ಕು ಹಿಡಿದ ತಗಡಿನ ಮೇಲೆ ಹೊಸ ಪ್ಲೇಟ್ ಕೂರಿಸಿ, ಮರುವರ್ಷ ಡೋರ್ ಬದಲಾಯಿಸುವಾಗ ಅದನ್ನು ಮುರಿದು, ಪುನಃ ಅರ್ಜಿ ಹಾಕಿ ಓಡಾಡೂದಕ್ಕಿಂತ ಡೋರ್ ಕೆಲಸ ಮೊದಲು ಮುಗಿಸುವ ಅಂತ ಜನವರಿಯಲ್ಲೇ ಶುರು ಮಾಡಿದ್ದು. ಜನವರಿ ನಮ್ಮ ಕಡೆ ಪೈಂಟ್ ಕೆಲಸಕ್ಕೂ ಒಳ್ಳೇ ತಿಂಗಳು, ಹವೆ ಒಣ ಇರ್ತದೆ.

ಡೋರ್ ಎಲ್ಲಿಂದ ತರೂದು ಅನ್ನೂದು ನಿಜವಾಗಿ ದೊಡ್ಡ ಪ್ರಶ್ನೆ. 800ರ ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಸಣ್ಣಪುಟ್ಟ ಪಾರ್ಟು, ರಬ್ಬರು, ಬೀಡಿಂಗು, ಶಾಕರು (ತೆರೆದ ಡಿಕ್ಕಿಯನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡ್) ಅಂಗಡಿಯಲ್ಲಿ ಸಿಗ್ತದೆ, ಡೋರ್ ತಗಡು ಹೊಸತು ಅಂತ ಕೆಲವು ಕಡೆ ಸಿಗ್ತದಾದ್ರೂ ನನಗೆ ತೋರಿಸಿದ್ದು ತೆಳು ಇತ್ತು, ಅಂಚಿನ ಮಡಿಕೆಯೂ ಸರಿ ಇರಲಿಲ್ಲ. ಕಂಪನಿಯಿಂದ ಬಂದ ಹಳೇ ಡೋರ್ ಸಿಕ್ಕಿದ್ರೆ ಅದೇ ಒಳ್ಳೇದು, ಆದ್ರೆ ಮಂಗಳೂರು ಉಡುಪಿ ಗುಜರಿಯಲ್ಲಿ ತೆಗೊಂಡ್ರೆ ಅದೂ ನಮ್ಮದೇ ಹವೆಯಲ್ಲಿ ಬೆಳೆದ ಡೋರ್, ಅದೇ ಕಾಯಿಲೆ ಇರ್ತದೆ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರು ಮೊದಲು ಕೇಳೂದೇ "ಗಾಡಿ ಘಟ್ಟದ ಮೇಲಿನದ್ದಾ?" ಅಂತ, ಅದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ.

ಅಕ್ಕನ ಮನೆ ಶಿವಮೊಗ್ಗದಲ್ಲಿ. ಭಾವನಿಗೆ ಫೋನ್ ಮಾಡಿ "ಭಾವ, ನಿಮ್ಮಲ್ಲಿ ಗುಜರಿಯಲ್ಲಿ 800ರ ಡಿಕ್ಕಿ ಡೋರ್ ಸಿಗ್ಬಹುದಾ, ಬಯಲುಸೀಮೆ ಕಡೆಯ ಗಾಡಿದು ಆದ್ರೆ ಒಳ್ಳೇದಿತ್ತು" ಅಂದೆ. ಅವರು "ನೋಡ್ತೀನಿ ಇರಪ್ಪ, ಫೋಟೋ ಹಾಕ್ತೀನಿ, ಆದ್ರೆ ನೀನೇ ಬಂದು ಮುಟ್ಟಿ ನೋಡದೆ ತಗೋಬೇಡ" ಅಂದ್ರು. ಸರಿಯಾದ ಮಾತು. ಎರಡು ಮೂರು ಡೋರಿನ ಫೋಟೋ ಬಂತು, ಅದರಲ್ಲಿ ಒಂದು ಚಿತ್ರದುರ್ಗದ ಕೆಎ-16 ಗಾಡಿದು, ಎದುರಿಂದ ಆಕ್ಸಿಡೆಂಟ್ ಆಗಿ ಗುಜರಿಗೆ ಬಂದದ್ದು, ಹಿಂದಿನ ಭಾಗಕ್ಕೆ ಏನೂ ಆಗಿರಲಿಲ್ಲ. ಆಗುಂಬೆ ಹತ್ತಿ ಹೋದೆ.

ಗುಜರಿಯಲ್ಲಿ ಡೋರ್ ನೋಡುವಾಗ ನಾನು ಏನೇನು ನೋಡಿದೆ ಅಂತ ವಿವರವಾಗಿ ಹೇಳ್ತೇನೆ, ಇದೇ ಮುಖ್ಯ, ಇಲ್ಲಿ ಸರಿಯಾದದ್ದು ಆರಿಸಿದ್ರೆ ಮುಂದಿನದ್ದೆಲ್ಲಾ ಸುಲಭ. ಮೊದಲು ಆಕಾರ. 1983ರ ಡಿಸೆಂಬರಲ್ಲಿ ಬಂದ ಮೊದಲ ಮಾಡೆಲ್ 800ರ ಬಾಡಿಯೇ ಬೇರೆ, 1986ರಲ್ಲಿ ಬಂದ ಆಕಾರ ಬೇರೆ, ಹಳೇದ್ದರ ಡೋರ್ ಇದಕ್ಕೆ ಬರೂದಿಲ್ಲ. ಇವತ್ತು ಗುಜರಿಯಲ್ಲಿ ಹೆಚ್ಚಾಗಿ ಇರೂದು ಎರಡನೇ ಆಕಾರದ್ದೇ, ಆದ್ರೂ ಹಿಂಜಿನ ಬೋಲ್ಟ್ ತೂತು, ಲಾಕ್ ಕೂರುವ ಜಾಗ ನಮ್ಮ ಗಾಡಿಯ ಫೋಟೋ ಇಟ್ಕೊಂಡು ಹೋಲಿಸಿ ನೋಡಿದೆ. ಆಮೇಲೆ ಮ್ಯಾಗ್ನೆಟ್. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಮ್ಯಾಗ್ನೆಟ್ ಹಿಡ್ಕೊಂಡು ಡೋರಿನ ಹೊರಮೈ ಪೂರ್ತಿ ಸವರಿದೆ, ಒರಿಜಿನಲ್ ತಗಡಾದ್ರೆ ಎಲ್ಲಾ ಕಡೆ ಒಂದೇ ರೀತಿ ಎಳಿತದೆ, ಪುಟ್ಟಿ ದಪ್ಪ ಇರುವ ಕಡೆ ಹಿಡಿತ ಬಿಟ್ಟು ಜಾರ್ತದೆ. ಹೊಸದಾಗಿ ಪೈಂಟ್ ಹೊಡೆದು ಹೊಳಿತಾ ಇದ್ದ ಒಂದು ಡೋರ್ ಪಕ್ಕದಲ್ಲೇ ಇತ್ತು, ಅದರ ಕೆಳಗಿನ ಅರ್ಧಕ್ಕೆ ಮ್ಯಾಗ್ನೆಟ್ ಹಿಡಿಲೇ ಇಲ್ಲ, ಅದನ್ನು ಅಲ್ಲೇ ಬಿಟ್ಟೆ. ನಮಗೆ ಬೇಕಾದದ್ದರ ಪೈಂಟ್ ಮಂಕಾಗಿತ್ತು, ಎರಡು ಕಡೆ ಗೀರು ಇತ್ತು, ಆದ್ರೆ ಮ್ಯಾಗ್ನೆಟ್ ಕಚ್ಚಿ ಹಿಡಿತಿತ್ತು, ನನಗೆ ಅಷ್ಟೇ ಬೇಕಾದ್ದು.

ಮೂರನೇದ್ದು ಕೆಳಗಿನ ಮಡಿಕೆ. ಡೋರನ್ನು ಬೋರಲು ಹಾಕಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ, ನೀರು ಹೋಗುವ ತೂತು ತೆರೆದಿದೆಯಾ, ಅಂಚು ಉಬ್ಬಿದೆಯಾ ಅಂತ. ತುಕ್ಕು ಹಿಡಿದ ಕಬ್ಬಿಣ ಜಾಗ ಜಾಸ್ತಿ ತೆಗೊಳ್ತದೆ, ಹಾಗಾಗಿ ಒಳಗೆ ತುಕ್ಕಿದ್ರೆ ಮಡಿಕೆ ಬಾಯಿ ಬಿಟ್ಟ ಹಾಗೆ ಆಗಿರ್ತದೆ. ಇದರಲ್ಲಿ ಅಂಚು ನೇರ ಇತ್ತು, ಒಳಗಿಂದ ಉದುರಿದ್ದು ಕೆಂಪು ಧೂಳು, ಅದು ತುಕ್ಕಲ್ಲ, ದುರ್ಗದ ರಸ್ತೆಯ ಮಣ್ಣು, ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ. ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಕಲೆ. ಕೊನೆಗೆ ಗ್ಲಾಸ್ ಕೂರುವ ಚೌಕಟ್ಟಿನ ಅಂಚು, ಅಲ್ಲಿ ತುಕ್ಕು ತಿಂದಿದ್ರೆ ಎಷ್ಟೇ ಒಳ್ಳೇ ಬೀಡಿಂಗ್ ಹಾಕಿದ್ರೂ ನೀರು ನಿಲ್ಲೂದಿಲ್ಲ. ಹಿಂಜಿನ ಬೋಲ್ಟ್ ಕೂರುವ ನಟ್ ಡೋರಿನೊಳಗೆ ವೆಲ್ಡ್ ಆಗಿರ್ತದೆ, ಅದರ ಮರೆ (ತಿರುಪಿನ ಗೆರೆ) ಹೋಗಿದ್ರೆ ಆ ಡೋರೇ ಬೇಡ, ನಾನು ಒಂದು ಬೋಲ್ಟ್ ಜೇಬಲ್ಲಿ ಹಾಕ್ಕೊಂಡೇ ಹೋಗಿದ್ದೆ, ನಾಲ್ಕಕ್ಕೂ ಬೆರಳಲ್ಲಿ ಹಾಕಿ ನೋಡಿದೆ, ಸಲೀಸಾಗಿ ಹೋಯ್ತು.

ಗ್ಲಾಸ್ ಬಿಟ್ಟು ಬರೀ ಡೋರಿಗೆ ಎರಡು ಸಾವಿರದ ಒಳಗೇ ಮಾತು ಮುಗೀತು, ಭಾವನೇ ಚೌಕಾಶಿ ಮಾಡಿದ್ದು. ನಮ್ಮ ಗ್ಲಾಸ್ ಚೆನ್ನಾಗಿತ್ತು, ಅದನ್ನೇ ಹಾಕುವ ಅಂತ. ಭಾವನ ವ್ಯಾಗನಾರಿನ ಹಿಂದಿನ ಸೀಟ್ ಮಡಚಿ ಹಳೇ ಕಂಬಳಿ ಹಾಸಿ ಮಲಗಿಸಿ ಸಂಕ್ರಾಂತಿಗೆ ಅಕ್ಕನೂ ಮಕ್ಕಳೂ ಊರಿಗೆ ಬರುವಾಗಲೇ ಡೋರೂ ಬಂತು.

ಪೈಂಟಿನ ಬಗ್ಗೆ ಚುಟುಕಾಗಿ ಹೇಳಿ ಮುಗಿಸ್ತೇನೆ. ಹಳೇ ಪೈಂಟ್ ಗಟ್ಟಿ ಇದ್ದ ಕಡೆ ಅದನ್ನು ಕೆರೆದು ತೆಗಿಲಿಲ್ಲ, ಕಂಪನಿಯ ಪೈಂಟಿನಷ್ಟು ಒಳ್ಳೇ ಅಡಿಪಾಯ ಮನೆಯಲ್ಲಿ ಯಾರಿಗೂ ಮಾಡ್ಲಿಕ್ಕೆ ಬರೂದಿಲ್ಲ, 320 ನಂಬರಿನ ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಹೊಳಪು ಹೋಗುವಷ್ಟು ಉಜ್ಜಿದೆ, ಗೀರಿನ ಕಡೆ ತಗಡು ಕಂಡಲ್ಲಿ ಪ್ರೈಮರ್, ಆಮೇಲೆ 600 ನಂಬರಿನ ಪೇಪರ್. ಮೂಲೆಯ ಆ ಸಣ್ಣ ಕಲೆಗೆ ವೈರ್ ಬ್ರಷ್ ಹಾಕಿ ರಸ್ಟ್ ಕನ್ವರ್ಟರ್ ಹಚ್ಚಿದೆ, ಅದು ತುಕ್ಕನ್ನು ಕಪ್ಪು ಪದರ ಮಾಡಿ ನಿಲ್ಲಿಸ್ತದೆ. ಫೈನಲ್ ಪೈಂಟಿಗೆ ನಮ್ಮೂರಿನ ಪೈಂಟರ್ ಅಣ್ಣ ಕಂಪ್ರೆಸರ್ ತೆಗೊಂಡು ಮನೆಗೇ ಬಂದ್ರು, ಮಾರುತಿಯ ಸುಪೀರಿಯರ್ ವೈಟ್. ಬೆಳಿಗ್ಗೆ ಇಬ್ಬನಿ ಹೋಗಿ ಬಿಸಿಲು ಬಿದ್ದ ಮೇಲೆಯೇ ಗನ್ ಹಿಡಿದ್ರು, ತೇವದ ಹವೆಯಲ್ಲಿ ಹೊಡೆದ್ರೆ ಪೈಂಟ್ ಮೇಲೆ ಮಂಜು ಕೂತ ಹಾಗೆ ಮಂಕಾಗ್ತದೆ. ಹಾರ್ಡ್ನರ್ ಬೆರೆಸುವ ಪೈಂಟಾದ್ರೆ ಅದರ ಹೊಗೆ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿದ್ರೆ ಸಾಲೂದಿಲ್ಲ, ಫಿಲ್ಟರ್ ಇರುವ ಮಾಸ್ಕೇ ಬೇಕು, ಅಣ್ಣನ ಹತ್ತಿರ ಇರಲಿಲ್ಲ, ನಾನು ತಂದು ಕೊಟ್ಟೆ. ಮಕ್ಕಳನ್ನು ಒಳಗೆ ಕೂರಿಸಿ ಕಿಟಕಿ ಹಾಕಿದ್ದಾಯ್ತು. ಡೋರಿನ ಒಳಮೈಗೂ ಅದೇ ಬಿಳಿ, ಕೆಲವರು ಒಳಗೆ ಬಿಡ್ತಾರೆ, ಬಿಡಬಾರದು.

ಪೈಂಟ್ ಗಟ್ಟಿಯಾಗ್ಲಿ ಅಂತ ಕೆಲವು ದಿನ ಬಿಟ್ಟು ಆಮೇಲೆ ಹಳೇದ್ದನ್ನು ಬಿಚ್ಚುವ ಕೆಲಸ. ಹಿಂದಿನ ರಾತ್ರಿಯೇ ಹಿಂಜಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಮೊದಲು ಗ್ಲಾಸ್ ತೆಗಿಯೂದು, ಯಾಕಂದ್ರೆ ಗ್ಲಾಸ್ ಹೋದ್ರೆ ಡೋರ್ ಹಗುರ ಆಗ್ತದೆ. ಬೀಡಿಂಗ್ ಹೊಸದು ತಂದಿದ್ದ ಕಾರಣ ಹಳೇದ್ದನ್ನು ಉಳಿಸುವ ಅಗತ್ಯ ಇರಲಿಲ್ಲ, ಹೊರಗಿನ ತುಟಿಯನ್ನು ಬ್ಲೇಡಲ್ಲಿ ಸುತ್ತ ಕೊಯ್ದು ತೆಗೆದೆ, ಚಿಕ್ಕಪ್ಪ ಒಳಗಿಂದ ಅಂಗೈಯಲ್ಲಿ ಮೆಲ್ಲ ನೂಕಿದ್ರು, ನಾನು ಹೊರಗಿಂದ ಹಿಡ್ಕೊಂಡೆ. ಹಿಂದಿನ ಗ್ಲಾಸ್ ಟಫನ್ಡ್, ಮುಂದಿನದ್ದರ ಹಾಗೆ ಬಿರುಕು ಬಿಟ್ಟು ನಿಲ್ಲೂದಿಲ್ಲ, ಅಂಚಿಗೆ ಒಂದು ಪೆಟ್ಟು ಬಿದ್ರೆ ಪೂರ್ತಿ ಪುಡಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುವವರನ್ನು ನೋಡಿದ್ದೇನೆ, ಆ ಕೆಲಸ ಮಾಡ್ಲೇಬೇಡಿ. ಗೋಣಿಯ ಮೇಲೆ ಗೋಡೆಗೆ ಒರಗಿಸದೆ ಅಡ್ಡ ಮಲಗಿಸಿ ಇಟ್ಟೆವು.

ಶಾಕರ್ ತೆಗಿಯುವ ಮೊದಲು ಡೋರಿಗೆ ಆಧಾರ ಬೇಕೇಬೇಕು. ಅಡಿಕೆ ದಬ್ಬೆ ಅಳತೆಗೆ ಕತ್ತರಿಸಿ ತುದಿಗೆ ಬೈರಾಸು (ಟವೆಲ್) ಸುತ್ತಿ ಕೊಟ್ಟೆ, ಜೊತೆಗೆ ಚಿಕ್ಕಪ್ಪನೂ ಹಿಡ್ಕೊಂಡಿದ್ರು. ಶಾಕರಿನೊಳಗೆ ಒತ್ತಡದಲ್ಲಿ ನೈಟ್ರೋಜನ್ ಇರ್ತದೆ, ಹಳೇದ್ದನ್ನು ಬಿಸಾಡುವಾಗ ಬೆಂಕಿಗೆ ಹಾಕೂದು, ಡ್ರಿಲ್ ಮಾಡೂದು ಮಾಡಬಾರದು. ಹಿಂಜು ಬಿಚ್ಚುವ ಮೊದಲು ಗಾಡಿಯ ರೂಫಿನ ಹಿಂದಿನ ಅಂಚಿಗೆ ದಪ್ಪ ಮಾಸ್ಕಿಂಗ್ ಟೇಪ್ ಹಚ್ಚಿ ಮೇಲೆ ಬೈರಾಸು ಹಾಸಿದೆ, ಡೋರ್ ಜಾರಿದ್ರೆ ಮೊದಲು ಪೆಟ್ಟಾಗೂದು ಅಲ್ಲಿಗೇ. ಬಾಡಿ ಕಡೆಯ ಹಿಂಜಿನ ಬೋಲ್ಟ್ ಮುಟ್ಟಲೇ ಇಲ್ಲ. ಇದನ್ನು ಒತ್ತಿ ಹೇಳ್ತೇನೆ, ಹಿಂಜು ಬಾಡಿಯ ಮೇಲೆ ಕಂಪನಿಯಲ್ಲಿ ಕೂತಲ್ಲೇ ಇರಲಿ, ಡೋರ್ ಕಡೆಯದ್ದು ಮಾತ್ರ ಬಿಚ್ಚಿ, ಅಲೈನ್‌ಮೆಂಟ್ ಅರ್ಧ ಅಲ್ಲೇ ಉಳಿತದೆ. ಹಿಂಜು ಹಳೇ ಡೋರಿನ ಮೇಲೆ ಎಲ್ಲಿ ಕೂತಿತ್ತು ಅಂತ ಮಾರ್ಕರಲ್ಲಿ ಗೆರೆ ಎಳೆದು ಅಂಚಿನಿಂದ ಅಳತೆ ಬರ್ಕೊಂಡೆ, ಹೊಸ ಡೋರಲ್ಲಿ ಅದೇ ಅಳತೆಗೆ ಪೆನ್ಸಿಲ್ ಗುರುತು.

ಬೋಲ್ಟ್ ಬಿಚ್ಚುವಾಗ ಸೀದಾ ಎಡಕ್ಕೆ ತಿರುಗಿಸದೆ ಮೊದಲು ಒಂದು ಚೂರು ಬಲಕ್ಕೆ, ಅಂದ್ರೆ ಟೈಟ್ ಮಾಡುವ ಕಡೆ, ಒತ್ತಿದೆ, ತುಕ್ಕಿನ ಹಿಡಿತ ಒಮ್ಮೆ ಟಕ್ ಅಂತ ಬಿಟ್ಟಿತು ಅಂದ್ರೆ ಆಮೇಲೆ ಸಲೀಸು. ತೆರೆದ ಸ್ಪ್ಯಾನರ್ ಬೇಡ, ಬಾಕ್ಸ್ ಸ್ಪ್ಯಾನರೇ ಹಾಕಿ, ತಲೆ ಸವೆದು ಹೋದ್ರೆ ಕತ್ತರಿಸೂದು ಬಿಟ್ರೆ ದಾರಿ ಇಲ್ಲ. ಎಲ್ಲಾ ಬೋಲ್ಟ್ ಬಂತು. ಡೋರ್ ಕೆಳಗಿಟ್ಟು ತಟ್ಟಿದಾಗ ಅದರ ಹೊಟ್ಟೆಯಿಂದ ಒಂದು ಹಿಡಿ ತುಕ್ಕಿನ ಚೂರು ಬಿತ್ತು, ಅಮ್ಮ ನೋಡಿ "ಇಷ್ಟೆಲ್ಲಾ ಹೊತ್ಕೊಂಡು ತಿರುಗ್ತಾ ಇದ್ದದ್ದಾ ಇದು" ಅಂದ್ರು.

ನಮ್ಮದು ಸಾದಾ ಮಾಡೆಲ್, ಡೋರಿನೊಳಗೆ ಹಿಂದಿನ ವೈಪರ್, ಡಿಫಾಗರ್ ಏನೂ ಇಲ್ಲದ ಕಾರಣ ವಯರಿಂಗಿನ ಗೊಡವೆ ಇರಲಿಲ್ಲ. ಹೊಸ ಹ್ಯಾಚ್‌ಬ್ಯಾಕ್ ಇರುವವರು ಇಲ್ಲಿ ನಿಧಾನ ಮಾಡಬೇಕು, ಅದರಲ್ಲಿ ವೈಪರ್ ಮೋಟರ್, ವಾಷರ್ ಪೈಪು, ಕ್ಯಾಮೆರಾ, ಲಾಕಿನ ವಯರು ಎಲ್ಲಾ ರೂಫಿನಿಂದ ಒಂದು ರಬ್ಬರ್ ಕೊಳವೆಯೊಳಗೆ ಡೋರಿಗೆ ಇಳಿತದೆ, ಬ್ಯಾಟರಿ ವಯರ್ ತೆಗೆದು, ಒಂದೊಂದು ಕಪ್ಲರಿನ ಫೋಟೋ ತೆಗೆದು, ವಯರಿನ ತುದಿಗೆ ಗಟ್ಟಿ ದಾರ ಕಟ್ಟಿಯೇ ಎಳೀಬೇಕು, ವಯರ್ ಹೊರಗೆ ಬಂದಾಗ ದಾರ ಅದರ ಜಾಗದಲ್ಲಿ ಉಳಿತದೆ, ಹೊಸ ಡೋರಲ್ಲಿ ಅದೇ ರೀತಿ ದಾರ ಮೊದಲೇ ಹಾಕಿಟ್ಟು ಎಳೆದ್ರೆ ಸುಲಭ. ಡೋರ್ ಖರೀದಿ ಮಾಡುವಾಗ್ಲೂ ವೇರಿಯಂಟ್ ನೋಡಿ, ವೈಪರ್ ಇರುವ ಗಾಡಿಯ ಡೋರಲ್ಲಿ ತೂತು ಇರ್ತದೆ, ಇಲ್ಲದ ಗಾಡಿಗೆ ಅದನ್ನು ತಂದ್ರೆ ಆ ತೂತು ಮುಚ್ಚುವ ಕೆಲಸ ಒಂದು ಜಾಸ್ತಿ.

ಲಾಕಿನ ಸಿಲಿಂಡರ್ ಹಳೇ ಡೋರಿಂದ ತೆಗೆದು ಹೊಸದಕ್ಕೆ ಹಾಕಿದೆ, ಇಲ್ಲದಿದ್ರೆ ಡಿಕ್ಕಿಗೆ ಬೇರೆ ಕೀ ಆಗ್ತದೆ. ಒಳಗಿಂದ ಒಂದು ಚಪ್ಪಟೆ ಕ್ಲಿಪ್ಪಲ್ಲಿ ನಿಂತಿರ್ತದೆ ಅಷ್ಟೇ, ಮೂಗು ಚೂಪಿನ ಪ್ಲೈಯರಲ್ಲಿ ಎಳೆದ್ರೆ ಬರ್ತದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದ್ಕೊಂಡ ಕೆಲಸ, ಡೋರ್ ಕೂರಿಸುವ ಮೊದಲು ಅದರ ಹೊಟ್ಟೆಗೆ ಮೇಣ. ಕ್ಯಾವಿಟಿ ವ್ಯಾಕ್ಸ್ ಅಂತ ಸ್ಪ್ರೇ ಡಬ್ಬಿ ಸಿಗ್ತದೆ, ಉದ್ದ ತೆಳು ನಳಿಕೆ ಜೊತೆ. ಡೋರನ್ನು ನಿಲ್ಲಿಸಿ ಒಳಗಿನ ತಗಡಿನ ತೂತುಗಳಿಂದ ನಳಿಕೆ ಬಿಟ್ಟು ಕೆಳಗಿನ ಮಡಿಕೆಗೆ ತುಂಬಾ ಹೊಡೆದೆ, ಬಿಸಿಲಲ್ಲಿ ಇಟ್ಟಿದ್ದ ಡೋರಾದ್ರೆ ಮೇಣ ಕರಗಿ ಸಂದಿಯೊಳಗೆ ತಾನೇ ಓಡ್ತದೆ, ಅಂಚಿಂದ ಹೊರಗೆ ಜಿನುಗುವ ತನಕ ಹೊಡಿಬೇಕು. ನಮ್ಮ ಕಡೆ ಕೆಲವರು ಇಂಜಿನಿನಿಂದ ತೆಗೆದ ಹಳೇ ಆಯಿಲ್ ಹೊಡಿತಾರೆ, ತಗಡಿಗೆ ಏನೋ ಉಪಯೋಗ ಆಗಬಹುದು, ಆದ್ರೆ ಅದು ರಬ್ಬರಿಗೆ ತಾಗಿದ್ರೆ ರಬ್ಬರ್ ಉಬ್ಬಿ ಮೆತ್ತಗಾಗ್ತದೆ, ಆಮೇಲೆ ಅಲ್ಲಿಂದಲೇ ನೀರು. ಮೇಣ ಹೊಡೆದ ಮೇಲೆ ನೀರಿನ ತೂತುಗಳನ್ನು ತೆಳು ಕಡ್ಡಿ ಹಾಕಿ ಒಂದೊಂದಾಗಿ ಪುನಃ ತೆರೆದೆ, ಇದು ಮರಿಬಾರದು, ತುಕ್ಕು ಬಾರದಿರಲಿ ಅಂತ ಹೊಡೆದ ಮೇಣವೇ ತೂತು ಮುಚ್ಚಿದ್ರೆ ಮತ್ತೆ ಮೊದಲಿನ ಕಥೆ.

ಡೋರ್ ಎತ್ತಿ ಇಡ್ಲಿಕ್ಕೆ ನಾನು, ಚಿಕ್ಕಪ್ಪ, ಭಾವ ಮೂರು ಜನ. ಇಬ್ಬರು ಹಿಡ್ಕೊಳ್ಳೂದು, ಒಬ್ಬ ಬೋಲ್ಟ್ ಬೆರಳಲ್ಲೇ ಹಿಡಿಸೂದು. ಪೆನ್ಸಿಲ್ ಗುರುತಿಗೆ ಹಿಂಜು ತಂದು ಬೋಲ್ಟ್ ಅರ್ಧ ಟೈಟ್ ಮಾಡಿ ಮೆಲ್ಲ ಇಳಿಸಿ ನೋಡಿದೆವು. ಲಾಕ್ ಹೋಗಿ ಕಚ್ಚುವ ಬಾಡಿ ಕಡೆಯ ಕೊಂಡಿಯನ್ನು ಮೊದಲೇ ಬಿಚ್ಚಿ ಇಟ್ಟಿದ್ದೆ, ಅದು ಇದ್ರೆ ಡೋರನ್ನು ತನ್ನ ಕಡೆ ಎಳ್ಕೊಂಡು ಸುಳ್ಳು ಅಲೈನ್‌ಮೆಂಟ್ ತೋರಿಸ್ತದೆ. ಎಡಬಲ ಸಂದಿ ಸಮ ಉಂಟಾ ಅಂತ ನೋಡ್ಲಿಕ್ಕೆ ರಟ್ಟಿನ ತುಂಡುಗಳನ್ನು ಒಂದರ ಮೇಲೆ ಒಂದು ಇಟ್ಟು ಸಂದಿಗೆ ಬಿಟ್ಟು ಅಳೆದೆ. ಬಲಗಡೆ ಮೇಲೆ ಸ್ವಲ್ಪ ಬಿಗಿ ಇತ್ತು, ಬೋಲ್ಟ್ ಸಡಿಲಿಸಿ ಚಿಕ್ಕಪ್ಪ ಅಂಗೈಯಲ್ಲಿ ಒಂದು ಚೂರು ಎಡಕ್ಕೆ ಒತ್ತಿದ್ರು, ಸರಿಯಾಯ್ತು. ಆಮೇಲೆ ಕೊಂಡಿ ಹಾಕಿ, ಡೋರ್ ಬಿದ್ದಾಗ ಲಾಕ್ ಸೀದಾ ಕೊಂಡಿಯ ನಡುವಿಗೆ ಬರುವ ಹಾಗೆ ಸರಿಸಿ ಟೈಟ್ ಮಾಡಿದ್ದು. ಶಾಕರ್ ಈ ಹಂತದಲ್ಲಿ ಹಾಕಬಾರದು, ಗ್ಲಾಸಿನ ಭಾರ ಇಲ್ಲದ ಡೋರನ್ನು ಶಾಕರ್ ಒಮ್ಮೆಲೇ ಮೇಲೆ ಎಸಿತದೆ.

ಗ್ಲಾಸ್ ಕೂರಿಸೂದು ನೋಡ್ಲಿಕ್ಕೇ ಚೆಂದದ ಕೆಲಸ, ಇದನ್ನು ಹಳೇ ಅಂಬಾಸಿಡರ್ ಕಾಲದಿಂದ ಗ್ಯಾರೇಜಿನವರು ಮಾಡ್ಕೊಂಡು ಬಂದದ್ದು, ಚಿಕ್ಕಪ್ಪನಿಗೆ ಗೊತ್ತಿತ್ತು. ಹೊಸ ಬೀಡಿಂಗನ್ನು ಮೊದಲು ಬಿಸಿಲಲ್ಲಿ ಇಟ್ಟು ಮೆತ್ತಗೆ ಮಾಡಿ ಗ್ಲಾಸಿನ ಸುತ್ತ ಕೂರಿಸಬೇಕು, ಜಾಯಿಂಟ್ ಇದ್ರೆ ಅದು ಕೆಳಗೆ ಬರುವ ಹಾಗೆ. ಆಮೇಲೆ ಬೀಡಿಂಗಿನ ಹೊರ ಸುತ್ತಿನಲ್ಲಿ ತಗಡಿನ ಅಂಚು ಕೂರುವ ಗ್ರೂವಿನಲ್ಲಿ, ಅಂದ್ರೆ ಸಣ್ಣ ಕಾಲುವೆಯಂಥ ಸಂದಿಯಲ್ಲಿ, ಬಟ್ಟೆ ಒಣಗಿಸುವ ತೆಳು ನೈಲಾನ್ ಹಗ್ಗವನ್ನು ಸುತ್ತ ಒತ್ತಿ ಕೂರಿಸೂದು, ಎರಡು ತುದಿ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾದು ಹೊರಗೆ ನೇತಾಡಬೇಕು. ಡೋರಿನ ಅಂಚಿಗೂ ರಬ್ಬರಿಗೂ ಸೋಪಿನ ನೀರು ಧಾರಾಳ. ಇಲ್ಲಿಯೂ ಎಣ್ಣೆ ಗ್ರೀಸ್ ಬೇಡ. ಗ್ಲಾಸನ್ನು ಹೊರಗಿಂದ ಚೌಕಟ್ಟಿಗೆ ತಂದು ಕೆಳಗಿನ ಅಂಚು ಮೊದಲು ಕೂರಿಸಿ ಹಗ್ಗದ ತುದಿಗಳನ್ನು ಒಳಗೆ ಬಿಟ್ರು. ಡಿಕ್ಕಿ ಮುಚ್ಚಿ ಚಿಕ್ಕಪ್ಪ ಒಳಗೆ ಹಿಂದಿನ ಸೀಟ್ ಮಡಚಿ ಕೂತು ಹಗ್ಗ ಎಳಿಲಿಕ್ಕೆ ಶುರು ಮಾಡಿದ್ರು, ಗ್ಲಾಸಿಗೆ ಸಮಾನಾಂತರವಾಗಿ, ನಿಧಾನ. ಹಗ್ಗ ಹೊರಡುವಾಗ ರಬ್ಬರಿನ ಒಳತುಟಿಯನ್ನು ತಗಡಿನ ಅಂಚಿನ ಮೇಲಿಂದ ಮಗುಚಿ ಒಳಗೆ ತರ್ತದೆ, ಹಗ್ಗ ಎಲ್ಲಿ ಬಂತೋ ಅಲ್ಲೇ ಹೊರಗಿಂದ ನಾನೂ ಭಾವನೂ ಅಂಗೈಯಲ್ಲಿ ಒತ್ತಿ ತಟ್ತಾ ಹೋಗೂದು. ಕೆಳಗಿಂದ ಎರಡೂ ಕಡೆ, ಆಮೇಲೆ ಪಕ್ಕ, ಕೊನೆಗೆ ಮೇಲೆ. ಮೂಲೆಗಳಲ್ಲಿ ತಡವಾಗ್ತದೆ, "ಒತ್ತು, ಒತ್ತು, ಇನ್ನೊಂಚೂರು, ಹಾ ಬಂತು" ಅಂತ ಚಿಕ್ಕಪ್ಪ ಒಳಗಿಂದ ಹೇಳ್ತಾ ಇದ್ರು. ಹಗ್ಗ ಪೂರ್ತಿ ಹೊರಗೆ ಬಂದಾಗ ಗ್ಲಾಸ್ ಸುತ್ತ ರಬ್ಬರ್ ಒಂದೇ ಸಮ ಕೂತಿತ್ತು, ಎಲ್ಲೂ ಮಡಚಿರಲಿಲ್ಲ.

ಗ್ಲಾಸಿನ ಭಾರ ಬಂದ ಮೇಲೆ ಸಂದಿ ಮತ್ತೊಮ್ಮೆ ಅಳಿಬೇಕು, ಡೋರ್ ಕೂದಲೆಳೆಯಷ್ಟು ಇಳಿದಿರ್ತದೆ. ಅದನ್ನು ಸರಿ ಮಾಡಿ ಹಿಂಜಿನ ಬೋಲ್ಟ್ ಫೈನಲ್ ಟೈಟ್, ಆಮೇಲೆ ಹೊಸ ಶಾಕರ್. ಶಾಕರ್ ಹಾಕುವಾಗ ಡಿಕ್ಕಿ ಮುಚ್ಚಿದ ಸ್ಥಿತಿಯಲ್ಲಿ ಅದರ ತೆಳು ರಾಡ್ ಕೆಳಮುಖ ಇರಬೇಕು, ಒಳಗಿನ ಆಯಿಲ್ ಸೀಲಿನ ಮೇಲೆ ನಿಂತು ಸೀಲ್ ಒಣಗದ ಹಾಗೆ ನೋಡ್ಕೊಳ್ತದೆ, ಬಾಳಿಕೆ ಬರ್ತದೆ.

ಡಿಕ್ಕಿಯ ಬಾಯಿಯ ಸುತ್ತ ಇರುವ ರಬ್ಬರೂ ಹೊಸದೇ ಹಾಕಿದೆ. ಸೀಲ್ ಸರಿ ಉಂಟಾ ಅಂತ ನೋಡ್ಲಿಕ್ಕೆ ಪೇಪರಿನ ಪಟ್ಟಿ ಇಟ್ಟು ಡಿಕ್ಕಿ ಮುಚ್ಚಿ ಎಳೆದು ನೋಡೂದು, ಸುತ್ತ ಎಲ್ಲಾ ಕಡೆ ಒಂದೇ ರೀತಿಯ ಬಿಗಿ ಇರಬೇಕು. ಎಡಗಡೆ ಕೆಳಗೆ ಪೇಪರ್ ಸಲೀಸಾಗಿ ಬಂತು, ಆ ಬದಿಯ ರಬ್ಬರ್ ಸ್ಟಾಪರನ್ನು ಸ್ವಲ್ಪ ತಿರುಗಿಸಿ ಇಳಿಸಿದ ಮೇಲೆ ಹಿಡಿತ ಬಂತು. ಇದು ಬರೀ ನೀರಿನ ಪ್ರಶ್ನೆ ಅಲ್ಲ. ಹ್ಯಾಚ್‌ಬ್ಯಾಕ್ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತಾ ಇರ್ತದೆ, ಡಿಕ್ಕಿಯಲ್ಲಿ ಸಂದಿ ಇದ್ರೆ ಅದು ಒಳಗೆ ಬರ್ತದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಹಿಂದಿನ ಸೀಟಲ್ಲಿ ಕೂರೂದು ಅಮ್ಮ. ಅವರಿಗೆ ದೂರ ಹೋದ್ರೆ ತಲೆನೋವು ಬರ್ತಿತ್ತು, ಅದಕ್ಕೆ ಇದೇ ಕಾರಣ ಅಂತ ನಾನು ಹೇಳೂದಿಲ್ಲ, ಆದ್ರೆ ತಾಯಿಯನ್ನು ಕೂರಿಸ್ಕೊಂಡು ಹೋಗುವ ಗಾಡಿಯಲ್ಲಿ ಆ ಒಂದು ಸಂಶಯವೂ ಉಳಿಬಾರದು ಅಂತ ಈ ಪೇಪರ್ ಪರೀಕ್ಷೆಗೆ ನಾನು ಬಹಳ ಹೊತ್ತು ಕೊಟ್ಟೆ.

ಕೊನೆಗೆ ನೀರು. ಪೈಪಿನ ತುದಿ ಬೆರಳಲ್ಲಿ ಒತ್ತದೆ ಮಳೆ ಬಿದ್ದ ಹಾಗೆ ಮೇಲಿಂದ ಬಿಟ್ಟು, ಭಾವ ಒಳಗೆ ಟಾರ್ಚ್ ಹಿಡ್ಕೊಂಡು ಕೂತು ನೋಡಿದ್ರು. ಒಳಗೆ ಹನಿ ಇಲ್ಲ. ಹೊರಗೆ ಡೋರಿನ ಕೆಳಗಿನ ತೂತುಗಳಿಂದ ತೊಟ್ಟು ತೊಟ್ಟಾಗಿ ನೀರು ಬೀಳ್ತಾ ಇತ್ತು, ಅಂದ್ರೆ ಬೀಡಿಂಗ್ ದಾಟಿ ಹೋದ ಅಲ್ಪಸ್ವಲ್ಪ ನೀರಿಗೂ ಹೊರಗೆ ದಾರಿ ಉಂಟು. ಒಂದು ಹನಿಯೂ ಒಳಗೆ ಹೋಗದ ಡೋರ್ ಅಂತ ಇರೂದಿಲ್ಲ, ಹೋದದ್ದು ಹೊರಗೆ ಬರಬೇಕು, ಅಷ್ಟೇ.

ಫೆಬ್ರವರಿಯಲ್ಲಿ ಎಚ್‌ಎಸ್‌ಆರ್‌ಪಿ ಪ್ಲೇಟ್ 800ರ ಮೇಲೆ ಕೂತಿತು, ಆಮೇಲೆ ಗಡುವು ಪುನಃ ಮೇ 31ಕ್ಕೆ ಹೋಯ್ತು, ಅದು ಬೇರೆ ವಿಷಯ. ಪ್ಲೇಟ್ ಕೂರಿಸುವಾಗ ತಗಡಿಗೆ ತೂತು ಮಾಡಿದ ಅಂಚಿಗೆ ಒಂದು ಬೊಟ್ಟು ಪ್ರೈಮರ್ ಹಚ್ಚಲಿಕ್ಕೆ ಹೇಳಿ, ನಾನು ಸಣ್ಣ ಡಬ್ಬಿಯೂ ಬ್ರಷ್ಷೂ ಕೊಂಡೋಗಿದ್ದೆ, ಅಲ್ಲಿದ್ದ ಹುಡುಗ ಬೇಸರ ಮಾಡದೆ ಹಚ್ಚಿ ಒಣಗುವ ತನಕ ಕಾದ. ಬಣ್ಣ ಅದೇ ಬಿಳಿ ಇರುವ ಕಾರಣ ಆರ್‌ಸಿಯಲ್ಲಿ ಏನೂ ಬದಲಾಯಿಸುವ ಕೆಲಸ ಇಲ್ಲ. ಬೇರೆ ಬಣ್ಣದ ಡೋರ್ ಸಿಕ್ಕಿದ್ರೆ ಗಾಡಿಯ ಬಣ್ಣಕ್ಕೇ ಪೈಂಟ್ ಮಾಡಿಸಿ, ಪೂರ್ತಿ ಗಾಡಿಯ ಬಣ್ಣ ಬದಲಾಯಿಸೂದಾದ್ರೆ ಆರ್‌ಟಿಒದಲ್ಲಿ ಬರೆಸಬೇಕಾಗ್ತದೆ.

ಆ ವರ್ಷದ ಮಳೆಗಾಲ ಪೂರ್ತಿ ಈ ಡೋರಲ್ಲೇ ಕಳೀತು. ನಡುವೆ ಮಳೆ ಬಿಟ್ಟಾಗೆಲ್ಲಾ ಕಡ್ಡಿ ಹಿಡ್ಕೊಂಡು ತೂತು ನೋಡೂದು ಈಗ ಅಭ್ಯಾಸ ಆಗಿದೆ, ಅಕ್ಟೋಬರಲ್ಲಿ ಮಡಿಕೆಗೆ ಟಾರ್ಚ್ ಬಿಟ್ಟು ನೋಡಿದಾಗ ಮೇಣ ಹಾಗೇ ಇತ್ತು. ಇನ್ನು ಉಳಿದದ್ದು ಎಡಬದಿಯ ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್, ಅಲ್ಲಿಯೂ ಗುಳ್ಳೆ ಶುರುವಾಗಿದೆ. ಅದು ಬೋಲ್ಟ್ ಹಾಕಿದ್ದಲ್ಲ, ಬಾಡಿಯ ಅಂಗವೇ, ಗಾಡಿಯ ಬಲ ನಿಂತಿರೂದು ಅದರ ಮೇಲೆ, ಅಂಗಳದಲ್ಲಿ ಮಾಡುವಂಥದ್ದಲ್ಲ. ಅದಕ್ಕೆ ಒಳ್ಳೇ ವೆಲ್ಡಿಂಗ್ ಮಾಡುವವರನ್ನು ಹುಡುಕ್ತಾ ಇದ್ದೇನೆ, ಬರುವ ಮೇ ತಿಂಗಳ ಒಳಗೆ ಆಗ್ಬೇಕು.